ಎದೆಹಾಲು: ಹೆರುವ ಮುಂಚೆ ಏನು ನಂಬಿದ್ದಿರಿ, ಹೆತ್ತ ಮೇಲೆ ಏನಾಯಿತು?

ನವನಗರದ ಬಾಣಂತಿ, ಹುಬ್ಬಳ್ಳಿ

ಮಗಳಿಗೆ ಈಗ ಐದು ತಿಂಗಳು. ಪ್ರಶ್ನೆ ಕೇಳುವ ಮುಂಚೆ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು.

ಮೂರು ವರ್ಷದ ಹಿಂದೆ ನನ್ನ ಹಿರಿಯ ನೆಗೆಣ್ಣಿಗೆ ಗಂಡುಮಗುವಾಯಿತು. ಇಪ್ಪತ್ತನೆಯ ದಿನಕ್ಕೆ ಕೂಸನ್ನು ನೋಡಲು ಅವರ ತವರಿಗೆ, ಗದಗಿಗೆ ಹೋಗಿದ್ದೆವು. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ಹೊರಸಿನ ಮೇಲೆ ಕೌದಿ, ಗೂಡಿನಲ್ಲಿ ಪುಡಿ ಹಾಲಿನ ಡಬ್ಬಿ. ನನಗಾಗ ಮದುವೆಯಾಗಿ ನಾಲ್ಕು ತಿಂಗಳಷ್ಟೇ. ಡಬ್ಬಿ ಕಂಡದ್ದೇ ತಡ, ಅತ್ತೆಯವರ ಕಿವಿಯಲ್ಲಿ "ಕೂಸಿಗೆ ಹಾಲು ಕೊಡುವಷ್ಟೂ ತಾಳ್ಮೆ ಇಲ್ಲವೇ?" ಎಂದೆ. ಮೆಲ್ಲಗೆ ಹೇಳಿದೆನೆಂದು ತಿಳಿದಿದ್ದೆ. ಅಕ್ಕ ಎದ್ದು ಬಂದು ಡಬ್ಬಿಯನ್ನು ತೆಗೆದು ಬಟ್ಟೆಯ ಗಂಟಿನ ಹಿಂದೆ ಇಟ್ಟರು. ಒಂದು ಮಾತೂ ಆಡಲಿಲ್ಲ.

ನಾನು ಬಸುರಿಯಾದಾಗ ಎಲ್ಲವನ್ನೂ ಓದಿಕೊಂಡೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಬೇಕು, ಆರು ತಿಂಗಳು ಎದೆಹಾಲು ಬಿಟ್ಟರೆ ಹನಿ ನೀರೂ ಬೇಡ, ಆಮೇಲೆ ಊಟದ ಜೊತೆ ಎರಡು ವರ್ಷ, ಅದಕ್ಕೂ ಮುಂದೆ ಕೊಡಬಹುದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಬಾಯಿಪಾಠವಾಗಿತ್ತು. ಕುಬಸಕ್ಕೆ ಬಂದ ಗೆಳತಿಯರಿಗೆ ನಾನೇ ಪಾಠ ಹೇಳಿದ್ದೆ. ಕೊಡುವ ಮನಸ್ಸೊಂದಿದ್ದರೆ ಹಾಲು ತಾನಾಗಿ ಬರುತ್ತದೆ ಎಂದೇ ನಂಬಿದ್ದೆ.

ಹೆರಿಗೆ ಸಿಸೇರಿಯನ್ ಆಯಿತು. ಮೊದಲ ಎರಡು ದಿನ ಹಿಂಡಿದರೆ ಹಳದಿ ಬಣ್ಣದ ನಾಲ್ಕು ಹನಿ. ನೋಡಲು ಬಂದವರೆಲ್ಲ ಹೆಣ್ಣೋ ಗಂಡೋ ಎಂದು ಕೇಳಿ, ಅದರ ಬೆನ್ನಿಗೇ "ಹಾಲು ಇದೆಯೇ?" ಎನ್ನುತ್ತಿದ್ದರು. ಅವ್ವ ನನ್ನ ಪರವಾಗಿ "ಬರುತ್ತದೆ" ಎಂದು ಉತ್ತರಿಸುತ್ತಿದ್ದಳು. ನಾಲ್ಕನೆಯ ದಿನ ಎದೆ ಕಲ್ಲಾಯಿತು. ಆದರೂ ಕೂಸಿನ ಬಾಯಿಗೆ ಹಾಲು ಹೋಗದು. ತೊಟ್ಟು ಸೀಳಿತು. ಅವಳು ಕಕ್ಕಿದ ಹಾಲಿನಲ್ಲಿ ರಕ್ತದ ಎಳೆ ಕಂಡು ಕೂಗಿಕೊಂಡೆ. ಅದು ನನ್ನದೇ ರಕ್ತ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ರಾತ್ರಿ ಎರಡು ಗಂಟೆಗೆ ತೊಟ್ಟಿಲಲ್ಲಿ ಅವಳು ಮಿಸುಕಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ತನ್ನ ಕೂಸು ಏಳುವುದಕ್ಕೆ ಹೆದರುವ ತಾಯಿಯೂ ಇರುತ್ತಾಳೆಂದು ನಾನು ಓದಿದ ಎಲ್ಲೂ ಬರೆದಿರಲಿಲ್ಲ.

ಒಂಬತ್ತನೆಯ ದಿನ ಹೊಲಿಗೆ ತೋರಿಸಲು ಹೋದಾಗ ವಯಸ್ಸಾದ ಸಿಸ್ಟರ್ ಒಬ್ಬರು ನಾನು ಕುಳಿತ ರೀತಿಯನ್ನು ನೋಡಿಯೇ ತಡೆದರು. "ಕೊಡ ಹೊತ್ತು ಗೊತ್ತಿದೆಯೇ?" ಎಂದು ಕೇಳಿದರು. ಕಂಕುಳಲ್ಲಿ ಕೊಡ ಅವುಚಿಕೊಂಡ ಹಾಗೆ ಕೂಸನ್ನು ನನ್ನ ಪಕ್ಕೆಗೆ ಅವುಚಿಸಿದರು. ಅವಳ ಕಾಲು ನನ್ನ ಬೆನ್ನಿನ ಕಡೆಗೆ, ತಲೆ ನನ್ನ ಅಂಗೈಯಲ್ಲಿ, ಹೊಲಿಗೆಯ ಮೇಲೆ ಭಾರವೇ ಇಲ್ಲ. ತೊಟ್ಟಿನಿಂದ ಅವಳ ಮೇಲ್ದುಟಿಯನ್ನು ಸವರಿ ಕಾಯಲು ಹೇಳಿದರು. ಅವಳು ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆದಾಗ ಒಮ್ಮೆಲೇ ಎದೆಗೆ ತಂದರು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಯಿತು. ಕೆಳದುಟಿ ಹೊರಗೆ ಮಡಿಚಿಕೊಂಡಿತು. ನೋಯಲಿಲ್ಲ. ಗುಟುಕು ಇಳಿಯುವ ಸದ್ದು ಕೇಳಿತು, ನಾನು ಅದನ್ನು ಎಣಿಸುತ್ತ ಅಳುತ್ತಿದ್ದೆ.

ಆ ಹತ್ತು ನಿಮಿಷ ನನಗೆ ಸಿಕ್ಕಿರದಿದ್ದರೆ ನನ್ನ ಗೂಡಿನಲ್ಲೂ ಡಬ್ಬಿ ಇರುತ್ತಿತ್ತು. ಮನಸ್ಸಿಗೇನೂ ಕೊರತೆ ಇರಲಿಲ್ಲ, ಕಲಿಸುವವರು ಇರಲಿಲ್ಲ. ಅಕ್ಕನಿಗೆ ಆಗ ಏನು ಕಷ್ಟವಿತ್ತು ಎಂದು ನಾನು ಇಂದಿಗೂ ಕೇಳಿಲ್ಲ.

ಹೆರುವ ಮುಂಚೆ ನೀವು ಏನೆಂದುಕೊಂಡಿದ್ದಿರಿ? ಯಾವ ದಿನ, ಯಾವ ಗಳಿಗೆಯಲ್ಲಿ ಅದು ಬದಲಾಯಿತು? ದಯವಿಟ್ಟು ಬರೆಯಿರಿ.

ಬೆಟಗೇರಿ ಮಗ್ಗದ ಮನೆ

ನನ್ನದು ನಿಮ್ಮದಕ್ಕೆ ಪೂರ್ತಿ ತಿರುಗುಮುರುಗು. ಎದೆಗೆ ಹಚ್ಚಿದರೆ ಕಟ್ಟಿಹಾಕಿದಂತೆ ಎಂದು ನಂಬಿದ್ದೆ. ಬಾಟಲಿಯಾದರೆ ಯಾರಾದರೂ ಕುಡಿಸುತ್ತಾರೆ, ನಾನು ಮಗ್ಗಕ್ಕೆ ಕುಳಿತುಕೊಳ್ಳಬಹುದು ಎಂದು ಎಂಟನೆಯ ತಿಂಗಳಲ್ಲೇ ಎರಡು ಬಾಟಲಿ ತಂದಿಟ್ಟಿದ್ದೆ. ಮಗಳು ಹುಟ್ಟಿದ ಕೂಡಲೇ ಎದೆ ಹಿಡಿದಳು, ನನಗೆ ನೋವೂ ಆಗಲಿಲ್ಲ. ಮೂರೇ ವಾರದಲ್ಲಿ ಬಾಟಲಿಗಳನ್ನು ನಾದಿನಿಗೆ ಕೊಟ್ಟೆ. ಕುದಿಸುವುದು, ಆರಿಸುವುದು, ಅಳೆಯುವುದು ಇದಾವುದೂ ಇಲ್ಲ; ಮಗ್ಗ ನಿಲ್ಲಿಸಿದೆ, ಕುಡಿಸಿದೆ, ತೇಗಿಸಿದೆ, ಮತ್ತೆ ಕುಳಿತೆ. ಮಗ್ಗದ ಸದ್ದಿಗೇ ಅವಳು ಮಲಗುತ್ತಿದ್ದಳು.

ಎರಡೂವರೆ ವರ್ಷ ಕುಡಿದಳು. ಬಿಡಿಸಲೆಂದು ಬೇವಿನೆಲೆ ಅರೆದು ಹಚ್ಚಿದೆ. ಮುಖ ಕಿವಿಚಿದಳು, ತನ್ನ ಕುಲಾವಿಯಿಂದಲೇ ಒರೆಸಿದಳು, ಮತ್ತೆ ಕುಡಿದಳು. ಬಿಟ್ಟ ದಿನ ಅವಳು ಆರಾಮವಾಗಿ ಮಲಗಿದಳು, ಅತ್ತವಳು ನಾನು.

ಹಾನಗಲ್ಲಿನ ಆಯಿ

ಮೊಮ್ಮಗಳು ಓದಿ ಹೇಳಿದಳು, ನನ್ನ ಮಾತನ್ನು ಅವಳೇ ಬರೆಯುತ್ತಿದ್ದಾಳೆ.

ನನ್ನ ಚೊಚ್ಚಲ ಹೆರಿಗೆ 1974ರಲ್ಲಿ, ಮನೆಯಲ್ಲೇ. ಮೂರು ದಿನ ಕೂಸನ್ನು ಎದೆಗೆ ಹಚ್ಚಗೊಡಲಿಲ್ಲ. ಹಳದಿ ಹಾಲು ಕೆಟ್ಟದ್ದು, ಹೊಟ್ಟೆ ನೋಯುತ್ತದೆ ಎಂದು ಬಟ್ಟಲಿಗೆ ಹಿಂಡಿಸಿ ಗೋಡೆಯ ಬುಡಕ್ಕೆ ಚೆಲ್ಲಿದರು. ಕೂಸಿಗೆ ಜೇನುತುಪ್ಪ, ತೇಯ್ದ ಬಜೆ, ಅರಿವೆಯ ಬತ್ತಿಯಲ್ಲಿ ಸಕ್ಕರೆ ನೀರು. ಅದು ಬತ್ತಿಯನ್ನು ಚೀಪಿ ಚೀಪಿ ದಣಿದು ಮಲಗುತ್ತಿತ್ತು, ನನ್ನ ಕುಪ್ಪಸ ತೊಯ್ದು ಹೋಗುತ್ತಿತ್ತು.

ಅದೇ ವಾರ ನಮ್ಮ ಎಮ್ಮೆಯೂ ಈಯಿತು. ಮಾವನವರು ಮೊದಲು ಕರುವಿಗೆ ಕುಡಿಸಿಯೇ ಆಮೇಲೆ ಹಿಂಡಿದರು. ಗಿಣ್ಣ ಕುಡಿಯದ ಕರು ಏಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಕಾಸಿ ಓಣಿಗೆಲ್ಲ ಹಂಚಿದೆವು. ಎಮ್ಮೆಯ ವಿಷಯದಲ್ಲಿ ಗೊತ್ತಿದ್ದದ್ದು ನನ್ನ ವಿಷಯದಲ್ಲಿ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮೂರನೆಯ ಕೂಸಿನ ಹೊತ್ತಿಗೆ ಸರಕಾರಿ ನರ್ಸಮ್ಮ ಬಂದು ಹೊಕ್ಕುಳ ಬಳ್ಳಿ ಕತ್ತರಿಸಿದ ಕೂಡಲೇ ನನ್ನ ಎದೆಯ ಮೇಲೆ ಇಟ್ಟರು. ಅತ್ತೆ ಬಾಗಿಲಲ್ಲೇ ನಿಂತು ಬಯ್ಯುತ್ತಿದ್ದರು, ನಾನು ಕುಡಿಸುತ್ತಿದ್ದೆ. ಈಗ ಮೊಮ್ಮಗಳ ಹೆರಿಗೆಯಲ್ಲಿ ಆ ಹಳದಿ ಹನಿಗಳನ್ನು ನಾನೇ ಒಳಲೆಯಲ್ಲಿ ಹಿಡಿದು ಕುಡಿಸಿದೆ. ಒಂದು ಹನಿಯನ್ನೂ ಚೆಲ್ಲಲಿಲ್ಲ.

ನಿವೃತ್ತ ಸಿಸ್ಟರ್, ಧಾರವಾಡ

ಆಯಿ, ನಿಮ್ಮ ಗಿಣ್ಣದ ಮಾತನ್ನು ನಾನು ಮೂವತ್ತು ವರ್ಷ ವಾರ್ಡಿನಲ್ಲಿ ಹೇಳಬೇಕಿತ್ತು. ಆ ಹಳದಿ ಹಾಲಿನಲ್ಲಿ ಕೂಸನ್ನು ಸೋಂಕಿನಿಂದ ಕಾಯುವ ಅಂಶಗಳು ದಟ್ಟವಾಗಿ ಇರುತ್ತವೆ. ಮೊದಲ ದಿನ ಒಂದು ಸಲಕ್ಕೆ ಒಂದು ಚಹಾ ಚಮಚದಷ್ಟು ಸಿಕ್ಕರೂ ಕೂಸಿಗೆ ಸಾಕು. ನಾಲ್ಕು ಹನಿ ಕಂಡು "ಹಾಲಿಲ್ಲ" ಎಂದು ತೀರ್ಮಾನ ಮಾಡುವವರು ಕೂಸಿನ ಹೊಟ್ಟೆಯ ಅಳತೆಯನ್ನು ಮರೆತಿರುತ್ತಾರೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ.

ನವನಗರದ ತಂಗಿ, ನಿನ್ನ ಪ್ರಶ್ನೆಗೆ ನನ್ನ ಉತ್ತರವಿದು. ಕೆಲಸಕ್ಕೆ ಸೇರಿದಾಗ ನಾನೂ ತಾಯಂದಿರನ್ನು ಗದರುತ್ತಿದ್ದೆ. ನನ್ನದೇ ಹೆರಿಗೆಯಾದಾಗ, ನರ್ಸ್ ಆಗಿದ್ದೂ, ನನ್ನ ಮಗನಿಗೆ ಸರಿಯಾಗಿ ಹಿಡಿಸಲು ಐದು ದಿನ ಬೇಕಾಯಿತು. ಅಂದಿನಿಂದ ಗದರುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಲು ಕಲಿತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ದೇಶದಲ್ಲಿ ಶೇ 88.6ರಷ್ಟು ಹೆರಿಗೆ ಆಸ್ಪತ್ರೆಗಳಲ್ಲಿ ಆಗುತ್ತಿವೆ. ಮೊದಲ ಗಂಟೆಯಲ್ಲಿ ಎದೆಹಾಲು ಸಿಗುವುದು ಶೇ 41.8ರಷ್ಟು ಕೂಸುಗಳಿಗೆ ಮಾತ್ರ. ತಾಯಿ ನಮ್ಮ ಕೈಯಳತೆಯಲ್ಲಿ ಮಲಗಿದ್ದಾಗಲೇ ಆಗದ ಕೆಲಸಕ್ಕೆ ಆಮೇಲೆ ಅವಳನ್ನು ದೂರುವುದು ಯಾವ ನ್ಯಾಯ?

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಎದೆ ಹಿಂಡಿ ನೋಡಬೇಡಿ. ಆರನೆಯ ದಿನದ ನಂತರ ಇಪ್ಪತ್ನಾಲ್ಕು ಗಂಟೆಯಲ್ಲಿ ಆರು ಸಲವಾದರೂ ಮೂತ್ರ ಮಾಡುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ನೋಡಿ. ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಇಳಿಯುವುದು ಸಹಜ, ಶೇ 10ಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತೋರಿಸಬೇಕು. ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಅಳುವ ತನಕವೂ ಕಾಯಬೇಡಿ. ಕೂಸು ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಗಾದೆಯನ್ನು ಬಾಣಂತಿ ಕೋಣೆಗೆ ತರಬಾರದು. ತಲೆ ಹೊರಳಿಸಿ ಬಾಯಿ ಹುಡುಕುವುದು, ಮುಷ್ಟಿ ಚೀಪುವುದು ಹಸಿವಿನ ಮೊದಲ ಗುರುತು; ಅಳು ಕೊನೆಯದು. ಅತ್ತು ಕೆಂಪಾದ ಕೂಸಿಗೆ ನೆಟ್ಟಗೆ ಎದೆ ಹಿಡಿಯಲೂ ಬರುವುದಿಲ್ಲ.

ಸಪ್ತಾಪುರದ ಅಪ್ಪ

ತಾಯಂದಿರ ಚರ್ಚೆಯಲ್ಲಿ ಒಂದು ಮಾತು ಬರೆಯಬಹುದೇ? ಇದು ಹೆಂಗಸರ ವಿಷಯ ಎಂದು ನಾನು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದೆ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಹೆಂಡತಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಕೈಗೆ ಎಟುಕದ ತಂಬಿಗೆಯನ್ನೇ ನೋಡುತ್ತ ಕುಳಿತಿದ್ದಳು. ಕುಡಿಸುವಾಗ ಅಷ್ಟು ಬಾಯಾರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ರಾತ್ರಿ ಅವಳಿಗೆ ನೀರು ಕೊಡುವುದು, ಕೂಸನ್ನು ಹೆಗಲಿಗೆ ಹಾಕಿ ತೇಗಿಸುವುದು, ಬಟ್ಟೆ ಬದಲಿಸುವುದು ನನ್ನ ಕೆಲಸ.

ಬೆಟಗೇರಿ ಮಗ್ಗದ ಮನೆ

ಅಣ್ಣಾ, ಇದನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ.

ಬ್ಯಾಡಗಿಯಿಂದ

ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ನನ್ನದು, ಕೂಲಿ ತೂಕದ ಲೆಕ್ಕದಲ್ಲಿ. ಎದೆಹಾಲು ಬಡವರ ಹಾಲು, ದುಡ್ಡಿದ್ದವರು ಡಬ್ಬಿ ತರುತ್ತಾರೆ ಎಂದು ತಿಳಿದಿದ್ದೆ. ಕೈಯಲ್ಲಿ ದುಡ್ಡಿದ್ದರೆ ನಾನೂ ತರುತ್ತಿದ್ದೆ.

ಮಗನಿಗೆ ಮೂರು ತಿಂಗಳಾದಾಗ ಕೆಲಸಕ್ಕೆ ಹೋದೆ. ಮೊದಲ ದಿನ ಸೋಪು ಹಚ್ಚಿ ಕೈ ತೊಳೆದೇ ಎದೆಗೆ ಹಚ್ಚಿದ್ದೆ. ಅವನು ಒಂದು ಗುಟುಕು ಎಳೆದು ಕಿರುಚಿದ ಕಿರುಚಾಟ ಇನ್ನೂ ಕಿವಿಯಲ್ಲಿದೆ. ತುಟಿಯ ಸುತ್ತ ಕೆಂಪಾಗಿ ಉಬ್ಬಿತು. ಜೊತೆಯ ದೊಡ್ಡವ್ವ ಒಬ್ಬರು ಹೇಳಿಕೊಟ್ಟರು: ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಮೊದಲು ಎಣ್ಣೆ ಹಚ್ಚಿ ಉಗುರಿನ ಸಂದಿ ತನಕ ತಿಕ್ಕಬೇಕು, ಆಮೇಲೆ ಕಡಲೆ ಹಿಟ್ಟು, ಆಮೇಲೆ ಸೋಪು. ಕುಪ್ಪಸವನ್ನೂ ಬದಲಿಸಬೇಕು, ಏಕೆಂದರೆ ಮೆಣಸಿನ ಘಾಟು ಬಟ್ಟೆಯಲ್ಲೇ ಕುಳಿತಿರುತ್ತದೆ. ಅವ್ವ ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಬರುವ ಹೊತ್ತಿಗೆ ನಾನು ಅರ್ಧ ಗಂಟೆ ಮುಂಚೆಯೇ ಎದ್ದು ಇಷ್ಟೆಲ್ಲ ಮಾಡಿಕೊಳ್ಳುತ್ತಿದ್ದೆ. ಆ ಅರ್ಧ ಗಂಟೆಯ ಕೂಲಿ ಹೋಗುತ್ತಿತ್ತು. ಹೋಗಲಿ ಎನ್ನಿಸಿತು. ಅವನು ನನ್ನ ಮುಖ ನೋಡುತ್ತ ಕುಡಿಯುವಾಗ, ಇದನ್ನು ಬಡವರ ಹಾಲು ಎಂದುಕೊಂಡಿದ್ದೆನಲ್ಲಾ ಎಂದು ನಾಚಿಕೆಯಾಗುತ್ತಿತ್ತು.

ನಮ್ಮಂಥ ಕೆಲಸದ ಕಡೆ ಒಂದು ನೆರಳಿನ ಕೋಣೆ, ಒಂದು ನಲ್ಲಿ ಇದ್ದರೆ ಎಷ್ಟೋ ಕೂಸುಗಳು ಎದೆಹಾಲು ಬಿಡುವುದಿಲ್ಲ. ಉದ್ಯೋಗ ಖಾತರಿಯ ಕೂಲಿಗೆ ಹೋಗುವವರ ಮಕ್ಕಳಿಗೆಂದು ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರೆ. ತೊಟ್ಟು ಬಿಡಿಸುವವರಿಗೂ ಅಂಥದ್ದು ಬೇಕು.

ಗೋಕುಲ ರಸ್ತೆಯ ಉದ್ಯೋಗಿ

ಬ್ಯಾಡಗಿಯ ಅಕ್ಕ, ಕಚೇರಿಯಲ್ಲೂ ನಲ್ಲಿ ಉಂಟು, ಕೋಣೆ ಇಲ್ಲ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದರಿಂದ ಆರು ತಿಂಗಳು ಮನೆಯಲ್ಲಿದ್ದು ಪೂರ್ತಿ ಎದೆಹಾಲು ಕೊಡುತ್ತೇನೆಂದು ಲೆಕ್ಕ ಹಾಕಿದ್ದೆ. ಕಾಲುಗಳು ಬಾತುಕೊಂಡವೆಂದು ಹೆರಿಗೆಗೆ ಎಂಟು ವಾರ ಮುಂಚೆಯೇ ರಜೆ ಹಾಕಬೇಕಾಯಿತು. ಅಲ್ಲಿಗೆ ಕೂಸಿನ ಪಾಲಿಗೆ ಉಳಿದದ್ದು ನಾಲ್ಕು ತಿಂಗಳು ಚಿಲ್ಲರೆ.

ಮರಳಿ ಹೋದ ಮೇಲೆ ಹಳೆಯ ಕಡತಗಳ ಕೋಣೆಯಲ್ಲಿ, ಬಾಗಿಲಿಗೆ ಕುರ್ಚಿ ಒತ್ತಿಟ್ಟು ಹಾಲು ಹಿಂಡುತ್ತಿದ್ದೆ. ಕೂಸಿಗೆ 15 ತಿಂಗಳಾಗುವ ತನಕ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಕಾನೂನಿನಲ್ಲಿದೆ ಎಂದು ಹೇಳಿದ್ದಕ್ಕೆ ಮೇಲಿನವರು ನನ್ನ ಮುಖವನ್ನೇ ನೋಡಿದರು. ಹಿಂಡಿದ ಹಾಲನ್ನು ಮಂಜುಗಡ್ಡೆಯ ಚೀಲದಲ್ಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಉಣಕಲ್ಲಿಗೆ ಬರುವಾಗ, ಯಾರದಾದರೂ ಕೈ ತಾಗಿ ಚೆಲ್ಲಿದರೆ ಎಂಬ ಒಂದೇ ಚಿಂತೆ. ಮೊದಲು ಹಾಲು ಎಂದರೆ ಹಾಲು ಎಂದಿದ್ದೆ. ಒಂದು ಮಧ್ಯಾಹ್ನದ ದುಡಿಮೆಗೆ 60 ಮಿಲಿ ಸಿಕ್ಕಾಗ ಅದರ ಬೆಲೆ ತಿಳಿಯಿತು.

ಏಳನೆಯ ತಿಂಗಳಲ್ಲಿ ಹಿಂಡುವುದನ್ನು ನಿಲ್ಲಿಸಿದೆ. ಈಗ ಬೆಳಿಗ್ಗೆ, ರಾತ್ರಿ ಎದೆಹಾಲು, ಹಗಲು ಊಟ ಮತ್ತು ಪುಡಿ ಹಾಲು. ಮೊದಲಿನ ನಾನಾಗಿದ್ದರೆ ಇದನ್ನು ಸೋಲು ಎನ್ನುತ್ತಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ರಾಣೇಬೆನ್ನೂರಿನ ಇಬ್ಬರ ತಾಯಿ

ನನಗೆ ಒಂದು ಆತಂಕ. ಎಲ್ಲರ ಕಷ್ಟವನ್ನೂ ಕೇಳಿದೆ, ಆದರೆ ಡಬ್ಬಿಯನ್ನು ಇಷ್ಟು ಸುಲಭಕ್ಕೆ ಒಪ್ಪಿಕೊಳ್ಳಬೇಡಿ. ನನ್ನ ಚೊಚ್ಚಲ ಹೆರಿಗೆಯಲ್ಲಿ ನನಗೆ ಹಾಲು ಚೆನ್ನಾಗಿಯೇ ಇತ್ತು. ಮನೆಗೆ ಕಳಿಸುವಾಗ ಖಾಸಗಿ ಆಸ್ಪತ್ರೆಯವರು ಔಷಧಿಯ ಚೀಟಿಯಲ್ಲೇ ಪುಡಿ ಹಾಲಿನ ಹೆಸರು ಬರೆದುಕೊಟ್ಟರು. ದೊಡ್ಡವರು ಬರೆದಿದ್ದಾರೆಂದು ತಂದೆವು. ಕೂಸು ಎದೆ ಚೀಪುವುದು ಕಡಿಮೆಯಾಯಿತು, ಚೀಪುವುದು ಕಡಿಮೆಯಾದಂತೆ ಹಾಲೂ ಇಳಿಯಿತು, ಎರಡು ತಿಂಗಳಿಗೆ ನಿಂತೇ ಹೋಯಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡಬಾರದು, ತಾಯಂದಿರಿಗೆ ಪುಕ್ಕಟೆ ಹಂಚಬಾರದು ಎಂದು 1992ರ ಕಾಯ್ದೆ, 2003ರ ತಿದ್ದುಪಡಿ ಇವೆ. ಕೂಸಿಗೆ ತಾಯಿಯ ಹಾಲೇ ಶ್ರೇಷ್ಠ ಎಂದು ಡಬ್ಬಿಯ ಮೇಲೇ ಅಚ್ಚು ಹಾಕಿಸಬೇಕು. ಇದು ನನಗೆ ತಿಳಿದದ್ದು ಎರಡನೆಯ ಬಸುರಿಯಲ್ಲಿ.

ನವನಗರದ ಬಾಣಂತಿ, ಹುಬ್ಬಳ್ಳಿ

ಅಕ್ಕ, ನಿಮ್ಮ ಸಿಟ್ಟು ನ್ಯಾಯವಾದದ್ದು. ಬೇಡದವರ ಕೈಗೆ ಡಬ್ಬಿ ಕೊಟ್ಟವರ ಮೇಲೆ ನನಗೂ ಅಷ್ಟೇ ಸಿಟ್ಟಿದೆ. ಆದರೆ ನಾನು ಗದಗಿನಲ್ಲಿ ನನ್ನ ಸಿಟ್ಟನ್ನು ತೋರಿಸಿದ್ದು ಇಪ್ಪತ್ತು ದಿನದ ಬಾಣಂತಿಯ ಮೇಲೆ.

ಹೆಸರು ಬೇಡ

ನನಗೆ ಹಾಲು ಇದೆ, ನೋವಿಲ್ಲ, ಮಗನ ತೂಕ ಚೆನ್ನಾಗಿದೆ. ಆದರೂ ಹಾಲು ಇಳಿಯತೊಡಗಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕುಸಿದಂತೆ ದುಃಖ ಬರುತ್ತದೆ, ಎರಡು ಮೂರು ನಿಮಿಷಕ್ಕೆ ಹೋಗುತ್ತದೆ. ತಾಯಿಗೆ ಸ್ವರ್ಗ ಕಾಣುತ್ತದೆ ಎಂದು ಎಲ್ಲರೂ ಹೇಳಿದ್ದರು. ನನಗೆ ಕಾಣಲಿಲ್ಲ. ಇದನ್ನು ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

ನಿವೃತ್ತ ಸಿಸ್ಟರ್, ಧಾರವಾಡ

ಹೇಳಿದ್ದು ಒಳ್ಳೆಯದಾಯಿತು ತಂಗಿ. ಹಾಲು ಇಳಿಯುವ ಗಳಿಗೆಗೆ ಮೈಯೊಳಗಿನ ಹಾರ್ಮೋನುಗಳು ಏರಿಳಿಯುತ್ತವೆ, ಕೆಲವರಿಗೆ ಆಗ ಹೀಗೆ ದುಃಖ ಒತ್ತರಿಸಿ ಬಂದು ಹೋಗುತ್ತದೆ. ನಿನಗೆ ಕೂಸಿನ ಮೇಲೆ ಪ್ರೀತಿ ಇಲ್ಲವೆಂದು ಅದರ ಅರ್ಥವಲ್ಲ. ಆದರೆ ದುಃಖ ದಿನವಿಡೀ ಉಳಿದರೆ, ಕೂಸು ಮಲಗಿದರೂ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎನ್ನಿಸಿದರೆ ತಡಮಾಡದೆ ವೈದ್ಯರನ್ನು ಕಾಣು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ.

ಹೆಸರು ಬೇಡ

ನಾಳೆ ಯಜಮಾನರಿಗೆ ಹೇಳುತ್ತೇನೆ.

ನವನಗರದ ಬಾಣಂತಿ, ಹುಬ್ಬಳ್ಳಿ

ಎಂಟು ದಿನದ ನಂತರ ಬರೆಯುತ್ತಿದ್ದೇನೆ. ಭಾನುವಾರ ನೆಗೆಣ್ಣಿಯವರ ಮನೆಗೆ ಹೋಗಿದ್ದೆ. ಅವರು ಅಡುಗೆಮನೆಯಲ್ಲಿ ಅಂಟಿನ ಉಂಡೆ ಕಟ್ಟುತ್ತಿದ್ದರು, ನನಗೆಂದೇ. ಕೊಬ್ಬರಿ ತುರಿ, ಉತ್ತತ್ತಿ, ತುಪ್ಪದಲ್ಲಿ ಅರಳಿದ ಅಂಟು, ಬೆಲ್ಲದ ಪಾಕ, ಎಲ್ಲ ಬಿಸಿ ಇರುವಾಗಲೇ ಕೈ ಸುಟ್ಟುಕೊಳ್ಳುತ್ತ ಉಂಡೆ ಮಾಡುತ್ತಿದ್ದರು. ನಾನೂ ಕೆಳಗೆ ಕುಳಿತು ಕೈ ಹಾಕಿದೆ. "ಅಕ್ಕ, ಅಂದು ಗದಗಿನಲ್ಲಿ ನಾನು ಹಾಗೆ ಅನ್ನಬಾರದಿತ್ತು" ಎಂದೆ.

ಅವರು ಉಂಡೆ ಕಟ್ಟುವುದನ್ನು ನಿಲ್ಲಿಸಲಿಲ್ಲ. "ನೆನಪಿದೆಯೇ ನಿನಗೆ?" ಎಂದು ಕೇಳಿದರು. ಆಮೇಲೆ ಹೇಳಿದರು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ನಾಲ್ಕು ಬಾಟಲಿ ರಕ್ತ ಹಾಕಿದ್ದರಂತೆ. ಸೊಸೆ ಅಶಕ್ತೆ ಎಂಬ ಮಾತು ಹರಡಬಾರದೆಂದು ಎರಡೂ ಮನೆಯವರು ಸುದ್ದಿಯನ್ನು ಮುಚ್ಚಿಟ್ಟಿದ್ದರು. ಎದೆ ಒಮ್ಮೆಯೂ ತುಂಬಲಿಲ್ಲ. ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಎಲ್ಲ ತಿಂದರು. ನಾಲ್ವತ್ತು ದಿನ, ಪ್ರತಿ ಸಲ ಡಬ್ಬಿ ಹಾಲಿಗೆ ಮುಂಚೆ ಒಣ ಎದೆಗೇ ಹಚ್ಚಿ ಚೀಪಿಸಿದರು. ನಾವು ಹೋದ ದಿನವೂ ಬೆಳಗಿನಿಂದ ಐದು ಸಲ ಹಚ್ಚಿದ್ದರಂತೆ.

ಅಷ್ಟರಲ್ಲಿ ನನ್ನ ಮಗಳು ಎದ್ದಳು. ನನ್ನ ಕೈಗೆಲ್ಲ ಪಾಕ. ಅಕ್ಕ ಕೈ ತೊಳೆದುಕೊಂಡು ಬಂದು ಅವಳನ್ನು ಎತ್ತಿ, ನನ್ನ ಸೆರಗು ಸರಿಸಿ, ತಾವೇ ಹಿಡಿದು ಕುಡಿಸಿದರು. ನಾನು ಗೋಡೆಗೆ ಒರಗಿ, ಕೈಗಳನ್ನು ಎತ್ತಿ ಹಿಡಿದು ಕುಳಿತಿದ್ದೆ. ಅವಳು ಗುಟುಕರಿಸುವುದನ್ನು ಅಕ್ಕ ಬಗ್ಗಿ ನೋಡುತ್ತಿದ್ದರು.

ಸಿಸ್ಟರ್, ನಿಮಗೊಂದು ಪ್ರಶ್ನೆ. ಅಕ್ಕ ಈಗ ಮತ್ತೆ ನಾಲ್ಕು ತಿಂಗಳ ಬಸುರಿ. ಈ ಸಲವಾದರೂ ಹಾಲು ಬರಬಹುದೇ? ಈಗಿನಿಂದಲೇ ಏನು ಮಾಡಬೇಕು?

ನಿವೃತ್ತ ಸಿಸ್ಟರ್, ಧಾರವಾಡ

ಹೆರಿಗೆಯಲ್ಲಿ ತುಂಬ ರಕ್ತ ಹೋದರೆ ಹಾಲು ತಡವಾಗುವುದುಂಟು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿದ್ದರೆ ಬಾರದೆಯೂ ಇರಬಹುದು. ಹಳೆಯ ಹೆರಿಗೆಯ ಕಾಗದಗಳನ್ನು ಹುಡುಕಿ ಈಗಲೇ ವೈದ್ಯರಿಗೆ ತೋರಿಸಲಿ, ಹಾರ್ಮೋನು ಪರೀಕ್ಷೆ ಬೇಕೇ ಎಂದು ಕೇಳಲಿ, ಹಿಮೋಗ್ಲೋಬಿನ್ ನೋಡಿಸಿಕೊಳ್ಳುತ್ತಿರಲಿ. ಹಿಂದೆ ಹೀಗಾಗಿದೆ ಎಂಬುದನ್ನು ಮುಚ್ಚಿಡಲೇಬಾರದು. ರಕ್ತದ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಮೊದಲ ಸಲ ಹಾಲಿಲ್ಲದೆ ಎರಡನೆಯ ಸಲ ಚೆನ್ನಾಗಿ ಬಂದವರನ್ನು ನಾನು ನೋಡಿದ್ದೇನೆ. ಬರುವುದೆಂದು ಮಾತ್ರ ಈಗಲೇ ಮಾತು ಕೊಡಲಾರೆ. ಹುಟ್ಟಿದ ಕೂಡಲೇ ಎದೆಗೆ ಹಚ್ಚಲಿ, ಮೂರನೆಯ ದಿನದಿಂದ ತೂಕ ನೋಡಲಿ. ಸಾಲದಿದ್ದರೆ ವೈದ್ಯರು ಹೇಳಿದ ಅಳತೆಯಲ್ಲಿ ಪುಡಿ ಹಾಲನ್ನು ಒಳಲೆಯಲ್ಲಿ ಕೊಡಲಿ, ಎದೆಗೂ ಹಚ್ಚುತ್ತಿರಲಿ. ಡಬ್ಬಿ ಗೂಡಿನಲ್ಲೇ ಇರಲಿ, ಎಲ್ಲರಿಗೂ ಕಾಣುವ ಹಾಗೆ.

ದಿನ ಯಾವಾಗ ತುಂಬುತ್ತವೆ ಎಂದು ಬರೆ. ಹೆರಿಗೆ ಹುಬ್ಬಳ್ಳಿಯಲ್ಲಾದರೆ ನಾನೇ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ.